ಉಳಿ ಹಿಡಿಯಲು ಬಂದ ಮೇಲೆ

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರಕಾರ ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ ಪಟ್ಟಿಯಲ್ಲಿ 18 ಕಸುಬುಗಳಿವೆ. ಬಡಗಿ, ಕಮ್ಮಾರ, ಅಕ್ಕಸಾಲಿಗ, ಕುಂಬಾರರ ಸಾಲಿನಲ್ಲಿ ಮೂರ್ತಿ ಮಾಡುವವರಿಗೂ ಕಲ್ಲು ಕೆತ್ತುವವರಿಗೂ ಜಾಗ ಸಿಕ್ಕಿದೆ. ತರಬೇತಿ ಎರಡು ಹಂತದ್ದು: 5ರಿಂದ 7 ದಿನಗಳ ಮೂಲ ತರಬೇತಿ, ಅದಾದ ಮೇಲೆ 15 ದಿನ ಅಥವಾ ಅದಕ್ಕೂ ಹೆಚ್ಚಿನ ಉನ್ನತ ತರಬೇತಿ. ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು. ಈಗಾಗಲೇ ಕಸುಬಿನಲ್ಲಿ ಇರುವವರಿಗೆಂದು ಮಾಡಿದ ಯೋಜನೆ ಇದು. ದಿನಗಳ ಲೆಕ್ಕ ಹಿಡಿದು ಅದನ್ನು ಹಂಗಿಸುವುದು ನ್ಯಾಯವಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಮೂಲ ಮುಗಿಯಿತೆಂದರೆ ಪಕ್ಕದಲ್ಲೇ ಉನ್ನತ. ನಡುವೆ ಏನೂ ಇಲ್ಲ. ಶಿಲ್ಪಕಲೆಯ ವಿಷಯದಲ್ಲಿ ನಾವೆಲ್ಲ ಯೋಚಿಸುವುದೂ ಹೀಗೆಯೇ. ನಗರದ ವಾರಾಂತ್ಯದ ಶಿಬಿರಗಳು ಹೊಸಬರನ್ನು ಕರೆಯುತ್ತವೆ, ದೇವಸ್ಥಾನದ ಕೆಲಸ ಪಳಗಿದವರನ್ನು ಕೇಳುತ್ತದೆ. ನಡುವಿನವರನ್ನು ಕರೆಯುವವರಿಲ್ಲ.

ಈ ನಡುವಿನವರನ್ನು ಗುರುತಿಸುವುದು ಕಷ್ಟವಲ್ಲ. ಅವರಿಗೆ ಉಳಿ ಹಿಡಿಯಲು ಬಂದಿದೆ. ಏಟು ಹೆಬ್ಬೆರಳ ಮೇಲೆ ಬೀಳುವ ಕಾಲ ಮುಗಿದಿದೆ. ಹಲಗೆಯ ಮೇಲೆ ಕಮಲ, ಬಳ್ಳಿ, ಹಂಸ ಕೆತ್ತಬಲ್ಲರು. ಬಳಪದ ಕಲ್ಲಿನಲ್ಲಿ ಅಂಗೈಯಗಲದ ಗಣಪನನ್ನು ಫೋಟೊ ನೋಡಿಕೊಂಡು ಇಳಿಸಬಲ್ಲರು. ಆದರೆ ಎರಡಡಿ ಎತ್ತರದ ಚೌಕ ಕಲ್ಲೊಂದನ್ನು ಮುಂದಿಟ್ಟು, ನಾಲ್ಕು ಕಡೆಯಿಂದಲೂ ನೋಡುವಂಥ ನಿಂತ ಮೂರ್ತಿ ಮಾಡಿ ಎಂದರೆ ಮೊದಲ ಏಟು ಎಲ್ಲಿ ಹಾಕಬೇಕೆಂದು ತೋಚುವುದಿಲ್ಲ. ಒಂದು, ಒಂದೂವರೆ ವರ್ಷದ ಕೋರ್ಸು ಮುಗಿಸಿದ ಬಹಳ ಮಂದಿ ನಿಂತುಬಿಡುವುದು ಇಲ್ಲೇ. ಮುಂದೆ ಕೆಲವರು ಪಾಲಿಶ್ ಕೆಲಸಕ್ಕೆ ಸೇರುತ್ತಾರೆ, ಕೆಲವರು ನೆನಪಿನ ಕಾಣಿಕೆಗಳ ಅಂಗಡಿಗೆ ಒಂದೇ ಅಚ್ಚಿನ ಆನೆಗಳನ್ನು ಮಾಡುತ್ತಾ ಉಳಿಯುತ್ತಾರೆ.

ಇವರಿಗೆ ಇನ್ನಷ್ಟು ಅಭ್ಯಾಸ ಬೇಕು ಎನ್ನುವುದು ಸಾಮಾನ್ಯ ಉತ್ತರ. ನನಗೆ ಅದು ಸಾಲದು ಅನ್ನಿಸುತ್ತದೆ. ಮೊದಲ ಹಂತದ್ದನ್ನೇ ನೂರು ಸಲ ಮಾಡಿದರೆ ನೂರು ಗಣಪರು ಆಗುತ್ತಾರೆ, ಅಷ್ಟೇ. ನಡುವಿನ ಹಂತದಲ್ಲಿ ಕಲಿಯಬೇಕಾದ್ದು ಬೇರೆಯೇ ಒಂದು ವಿದ್ಯೆ. ಅದನ್ನು ಕಲಿಸುತ್ತಿದ್ದುದು ಬೇರೆಯೇ ಒಂದು ಬಗೆಯ ಕೆಲಸ, ಆ ಕೆಲಸವನ್ನು ನಾವೀಗ ಯಂತ್ರಕ್ಕೆ ಒಪ್ಪಿಸಿದ್ದೇವೆ.

ಹೊಸದಾಗಿ ಕೈ ಕುದುರಿದವರ ಕಣ್ಣು ಮೊದಲು ಹೋಗುವುದು ಕುಸುರಿಯ ಕಡೆಗೆ. ಅದರಲ್ಲಿ ಆಶ್ಚರ್ಯವಿಲ್ಲ, ನಮ್ಮ ಶಿಲ್ಪದ ಹೆಮ್ಮೆಯನ್ನು ನಾವು ಬೇಲೂರು ಹಳೇಬೀಡುಗಳಲ್ಲಿ ಅಳೆಯುತ್ತೇವೆ. ಮದನಿಕೆಯ ಬಳೆ ತಿರುಗುತ್ತದೆಯೇ, ಸರದ ಹಿಂದೆ ಕಡ್ಡಿ ತೂರುತ್ತದೆಯೇ ಎಂದು ಗೈಡುಗಳು ತೋರಿಸುತ್ತಾರೆ. ನಾವೂ ಅಷ್ಟಕ್ಕೆ ತಲೆದೂಗಿ ಬರುತ್ತೇವೆ. ಬಳಪದ ಕಲ್ಲು ಮೆದು. ಉಕ್ಕಿನ ಉಳಿಗೆ ಮರದಷ್ಟೇ ಸಲೀಸಾಗಿ ಒಲಿಯುವ ಆ ಕಲ್ಲು ಅಂಥ ಕುಸುರಿಗೆ ಎಡೆ ಕೊಟ್ಟಿತು ಎಂಬುದೇನೋ ನಿಜ. ಆದರೆ ಆ ಮದನಿಕೆಯ ಒಡವೆಗಳನ್ನೆಲ್ಲ ಮನಸ್ಸಿನಲ್ಲೇ ಕಳಚಿ ನೋಡಿ. ಸೊಂಟ ಒಂದು ಕಡೆ ತೂಗಿದೆ, ಎದೆ ಅದಕ್ಕೆ ಎದುರಾಗಿ ಹೊರಳಿದೆ, ಕತ್ತು ಮತ್ತೆ ಮೊದಲಿನ ಕಡೆಗೆ ಬಾಗಿದೆ. ಈ ಹೊರಳು ಸರಿಯಾಗಿ ಕೂತಿರುವುದರಿಂದಲೇ ಒಡವೆ ಮೈಮೇಲಿದೆ ಅನ್ನಿಸುವುದು. ಹೊರಳು ತಪ್ಪಿದ್ದರೆ ಅದೇ ಒಡವೆ ಕಲ್ಲಿನ ಮೇಲೆ ಬರೆದ ರಂಗೋಲಿಯಾಗುತ್ತಿತ್ತು.

ಹಾಗಾಗಿ ನಡುವಿನ ಹಂತದವರನ್ನು ಬೇಲೂರಿಗಿಂತ ಮೊದಲು ಶ್ರವಣಬೆಳಗೊಳಕ್ಕೆ ಕರೆದೊಯ್ಯಬೇಕು. 981ರ ಸುಮಾರಿಗೆ ನಿಂತ 58 ಅಡಿಯ ಆ ಗೊಮ್ಮಟನ ಮೈಮೇಲೆ, ಕೈಕಾಲಿಗೆ ಹಬ್ಬಿದ ಮಾಧವೀಲತೆ ಬಿಟ್ಟರೆ, ಕಣ್ಣಿಗೆ ಹಿಡಿದುಕೊಳ್ಳಲು ಆಭರಣವೇ ಇಲ್ಲ. ಹೊಟ್ಟೆ, ಭುಜ, ಕೆನ್ನೆ, ಎಲ್ಲ ಬರಿಯ ಮೈ. ಅದೂ ಗ್ರಾನೈಟ್. ಎಲ್ಲಿ ಕೆನ್ನೆ ಮುಗಿದು ದವಡೆ ಶುರುವಾಯಿತೆಂದು ಬೆರಳಿಟ್ಟು ತೋರಿಸಲಾಗದಂತೆ ಒಂದು ತಲ ಇನ್ನೊಂದಕ್ಕೆ ಹೊರಳಿದೆ. ತಪ್ಪನ್ನು ಮುಚ್ಚಿಕೊಳ್ಳಲು ಅಲ್ಲಿ ಒಂದು ಸರವೂ ಇಲ್ಲ. ಕುಸುರಿ ಬಾರದವರು ಮಾಡಿದ್ದಲ್ಲ ಅದು, ಕುಸುರಿಯ ಆಸರೆ ಬೇಡವಾದವರು ಮಾಡಿದ್ದು.

ಕಲಿಯುವವರ ಮೂರ್ತಿ ಸೋಲುವ ಬಗೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ. ಚೌಕ ಕಲ್ಲಿನ ಮುಂಭಾಗಕ್ಕೆ ಮುಂದಿನ ಚಿತ್ರ ಬರೆಯುತ್ತಾರೆ, ಪಕ್ಕಕ್ಕೆ ಪಕ್ಕದ ಚಿತ್ರ. ಎರಡನ್ನೂ ಗೆರೆಯ ಮೇಲೆಯೇ ಒಳಕ್ಕೆ ಕಡಿಯುತ್ತಾರೆ. ಮುಂದಿನಿಂದ ನೋಡಿದರೆ ಸರಿ, ಪಕ್ಕದಿಂದಲೂ ಸರಿ. ಓರೆಯಲ್ಲಿ ನಿಂತು ನೋಡಿದರೆ ಪೆಟ್ಟಿಗೆ. ಕಲ್ಲಿನ ನಾಲ್ಕು ಮೂಲೆಗಳು ಮೂರ್ತಿಯೊಳಗೆ ಹಾಗೇ ಉಳಿದಿರುತ್ತವೆ. ಕಡಿದದ್ದು ಮತ್ತೆ ಬಾರದು ಎಂಬ ಭಯ ಮೂಲೆಯನ್ನು ಮುಟ್ಟಲು ಬಿಡುವುದಿಲ್ಲ. ಮಣ್ಣಿನಲ್ಲಾದರೆ ತಪ್ಪಿದ ಕಡೆ ಒಂದು ಮುದ್ದೆ ಮೆತ್ತಬಹುದು.

ತಾಳಮಾನ ಕಲಿತರೆ ಇದು ಸರಿಯಾಗುತ್ತದೆ ಎನ್ನುವವರಿದ್ದಾರೆ. ತಾಳಮಾನ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ತಾಳಕ್ಕೆ 12 ಅಂಗುಲದಂತೆ ನವತಾಳದ ಮೂರ್ತಿ 108 ಅಂಗುಲ, ಉತ್ತಮ ದಶತಾಳದ್ದು ಹತ್ತು ತಾಳಕ್ಕಿಂತ ತುಸು ಹೆಚ್ಚು, 124. ಹಣೆಯಿಂದ ಮೂಗು, ಮೂಗಿನಿಂದ ಗದ್ದ, ಗದ್ದದಿಂದ ಎದೆ ಎಷ್ಟೆಷ್ಟು ಎಂಬ ಲೆಕ್ಕ ಅಲ್ಲಿದೆ. ಮೂರ್ತಿ ಕುಳ್ಳಾಗದಂತೆ, ತಲೆ ದಪ್ಪವಾಗದಂತೆ ಅದು ಕಾಯುತ್ತದೆ. ಆದರೆ ಕಣ್ಣಿನ ಮಟ್ಟ ಇಲ್ಲಿ, ಕಿವಿಯ ಮಟ್ಟ ಇಲ್ಲಿ ಎಂದು ಗೆರೆ ಎಳೆದ ಮೇಲೆ ಕಣ್ಣಿನಿಂದ ಕಿವಿಗೆ ಹೋಗುವ ದಾರಿಯಲ್ಲಿ ಕೆನ್ನೆ ಹೇಗೆ ಹೊರಳಬೇಕೆಂದು ಯಾವ ಅಂಗುಲವೂ ಹೇಳದು. ಅದನ್ನು ಕಲಿಸುವುದು ಕಲ್ಲು ತೆಗೆಯುವ ಕ್ರಮ.

ಆ ಕ್ರಮದ ಪಠ್ಯಪುಸ್ತಕ ಅಪೂರ್ಣ ಶಿಲ್ಪಗಳಲ್ಲಿದೆ. ಮಹಾಬಲಿಪುರದಲ್ಲಿ ಪಲ್ಲವರ ಕಾಲದವರು ಅರ್ಧಕ್ಕೆ ಬಿಟ್ಟ ಗುಹೆಗಳ ಬಂಡೆಯ ಮೇಲೆ ಚೌಕ ಚೌಕವಾಗಿ ಆಳದ ಗೆರೆಗಳನ್ನು ಕೊರೆದದ್ದು ಇವತ್ತಿಗೂ ಕಾಣುತ್ತದೆ. ಸುತ್ತ ಕಾಲುವೆ ಕೊರೆದು, ನಡುವೆ ಉಳಿದ ಗುಬ್ಬಿಯನ್ನು ಒಡೆದು, ಮತ್ತೆ ಒಂದು ಪದರ ಒಳಗೆ ಹೋಗಿ ಅದನ್ನೇ ಮಾಡುವುದು. ಅಷ್ಟು ಗಟ್ಟಿಯಾದ ಬಂಡೆಯೊಳಗೆ ಅಳತೆ ತಪ್ಪದೆ ಮುನ್ನಡೆದದ್ದು ಹೀಗೆ. ಮುಗಿದ ರಥಗಳ ಮುಂದೆ ಫೋಟೊ ತೆಗೆಸಿಕೊಳ್ಳುವವರು ಈ ಗೋಡೆಗಳನ್ನು ದಾಟಿ ಹೋಗುತ್ತಾರೆ. ಕಲಿಯುವವರು ಕೂರಬೇಕಾದ್ದು ಅದರ ಮುಂದೆ.

ಒರಟು ಕೆಲಸ ಎಂದು ನಾವು ಕರೆಯುವ ಈ ಮೊದಲ ತೆಗೆತದಲ್ಲಿ ಏನೇನು ನಿರ್ಧಾರವಾಗುತ್ತದೆ ನೋಡಿ. ಮೂಗಿನ ತುದಿ, ಮೊಣಕಾಲು, ಮೊಣಕೈ, ಚಾಚಿದ ಕೈಯ ಬೆರಳು ಮುಂತಾಗಿ ಎಲ್ಲಕ್ಕಿಂತ ಹೊರಗೆ ಬರುವ ಜಾಗಗಳು ಯಾವುವೆಂದು ಮೊದಲೇ ಗುರುತಿಸಿ, ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕಲ್ಲು ಉಳಿಸಿಕೊಳ್ಳಬೇಕು. ಒಂದು ಕಡೆ ಇಳಿದರೆ ಸುತ್ತಲೂ ಅಷ್ಟೇ ಇಳಿಯಬೇಕು. ಮುಖ ಮುಗಿಸಿ ಆಮೇಲೆ ಮೈಗೆ ಬರುತ್ತೇನೆ ಎಂದರೆ ಮುಖಕ್ಕೆ ತಕ್ಕ ಮೈ ಕಲ್ಲಿನಲ್ಲಿ ಉಳಿದಿರುವುದಿಲ್ಲ. ಉಳಿಯ ಓರೆ ಎಷ್ಟಿರಬೇಕೆಂಬುದೂ ಇಲ್ಲೇ ಕೈಗೆ ಹತ್ತುವುದು. ತೀರ ಮಲಗಿಸಿದರೆ ಉಳಿ ಜಾರುತ್ತದೆ. ನೆಟ್ಟಗೆ ಹಿಡಿದು ಬಡಿದರೆ ಏಟು ಕಲ್ಲಿನೊಳಕ್ಕೆ ಇಳಿದು ಕಾಳುಗಳನ್ನು ನುಚ್ಚು ಮಾಡುತ್ತದೆ. ಆ ಹೊತ್ತಿಗೆ ಅದು ಕಾಣುವುದಿಲ್ಲ. ತಿಂಗಳುಗಟ್ಟಲೆ ಆದ ಮೇಲೆ ಕಪ್ಪು ಕಲ್ಲನ್ನು ಉಜ್ಜಿ ಹೊಳಪು ತಂದಾಗ ಕೆನ್ನೆಯ ಮೇಲೆ ಬಿಳಿ ಚುಕ್ಕೆಯಾಗಿ ಎದ್ದು ನಿಲ್ಲುತ್ತದೆ. ಹೊಳಪಿನ ದಿನ ಕಾಣುವ ದೋಷ ಹುಟ್ಟಿದ್ದು ಮೊನೆ ಉಳಿಯ ದಿನ ಎಂಬುದನ್ನು ತಾನೇ ಆ ಮೊನೆ ಉಳಿ ಹಿಡಿದವರು ಮಾತ್ರ ನಂಬುತ್ತಾರೆ.

ಇಲ್ಲಿಗೆ ಯಂತ್ರ ಬರುತ್ತದೆ. ಇವತ್ತು ಒರಟು ತೆಗೆತಕ್ಕೆ ಡೈಮಂಡ್ ಬ್ಲೇಡಿನ ಕಟಿಂಗ್ ಮಷೀನು, ಗ್ರೈಂಡರ್ ಇಲ್ಲದ ಶಿಲ್ಪಶಾಲೆ ಅಪರೂಪ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಂಥ ಶಿಲ್ಪಿಗಳ ಊರಿನಲ್ಲೂ ಯಂತ್ರದ ಸದ್ದಿದೆ. ಮರಕ್ಕಂತೂ ಸಿಎನ್‌ಸಿ ರೂಟರ್ ಬಂದಿದೆ: ಕಂಪ್ಯೂಟರಿಗೆ ಚಿತ್ರ ಕೊಟ್ಟರೆ ಬಾಗಿಲಿನ ಬಳ್ಳಿ, ದೇವರ ಮಂಟಪದ ಕಂಬ, ಪ್ರಭಾವಳಿ ಕೆತ್ತಿ ಕೊಡುತ್ತದೆ. ಇದನ್ನು ಬೈಯುವವರ ಸಾಲಿನಲ್ಲಿ ನಾನಿಲ್ಲ. ಕುಲುಮೆಯಲ್ಲಿ ಉಳಿ ಕಾಸಿ, ಬಡಿದು, ನೀರಿಗಿಟ್ಟು ಹದ ಮಾಡುತ್ತಿದ್ದ ಕೆಲಸವನ್ನು ಕಾರ್ಬೈಡ್ ತುದಿಯ ಉಳಿಗಳು ಬಹುಮಟ್ಟಿಗೆ ತಪ್ಪಿಸಿವೆ. ಅದರಿಂದ ಶಿಲ್ಪಕ್ಕೆ ದೊಡ್ಡ ನಷ್ಟವಾಯಿತೆಂದು ನನಗೆ ಅನ್ನಿಸಿಲ್ಲ. ಪಳಗಿದ ಶಿಲ್ಪಿ ದಿನಗಟ್ಟಲೆಯ ಕೆಲಸವನ್ನು ಗಂಟೆಗಳಲ್ಲಿ ಮುಗಿಸಿ ಕಣ್ಣಿನ ಕೆಲಸಕ್ಕೆ ಸಮಯ ಉಳಿಸಿಕೊಂಡರೆ ಆಕ್ಷೇಪಿಸಲು ನಾವು ಯಾರು? ಹಿಂದೆಯೂ ಒರಟು ಕೆಲಸವನ್ನು ಗುರು ತಾನೇ ಮಾಡುತ್ತಿರಲಿಲ್ಲ, ಶಿಷ್ಯನಿಗೆ ಕೊಡುತ್ತಿದ್ದ.

ತೊಡಕಿರುವುದು ಅಲ್ಲೇ. ಶಿಷ್ಯನಿಗೆ ಕೊಡುತ್ತಿದ್ದುದನ್ನು ಈಗ ಯಂತ್ರಕ್ಕೆ ಕೊಟ್ಟಿದ್ದೇವೆ. ಶಿಷ್ಯನ ಕೈಗೆ ಉಳಿದದ್ದು ಉಪ್ಪುಕಾಗದ. ಒರಟು ತೆಗೆತ ಗುರುವಿಗೆ ಗೊತ್ತಿದ್ದ ದಾರಿಯ ನಡಿಗೆ, ಶಿಷ್ಯನಿಗೆ ಅದೇ ಪಾಠ. ಸಿಎನ್‌ಸಿ ಬಿಟ್ಟುಕೊಟ್ಟ ಮೂರ್ತಿಯ ಮೇಲ್ಮೈ ಉಜ್ಜುವವರು ನುಣುಪು ಮಾಡಲು ಕಲಿಯುತ್ತಾರೆ. ಆ ಮೈ ಅಲ್ಲಿಗೆ ಹೇಗೆ ಬಂತು, ಯಾವ ಮೂಲೆ ಮೊದಲು ಹೋಯಿತು, ಯಾವ ಗುಬ್ಬಿ ಕೊನೆಯವರೆಗೆ ಉಳಿಯಿತು ಎಂಬುದನ್ನು ಅವರು ಕಂಡೇ ಇರುವುದಿಲ್ಲ.

ಯುರೋಪಿನಲ್ಲಿ ಈ ಜಗಳ ನೂರು ವರ್ಷ ಹಿಂದೆಯೇ ಆಗಿಹೋಗಿದೆ. 19ನೇ ಶತಮಾನದ ದೊಡ್ಡ ಶಿಲ್ಪಿಗಳು ಮಣ್ಣಿನಲ್ಲಿ ಮಾದರಿ ಮಾಡುತ್ತಿದ್ದರು. ಮಾದರಿಯ ಮೇಲಿನ ಬಿಂದುಗಳನ್ನು ಅಳತೆಯ ಉಪಕರಣದಿಂದ ಅಮೃತಶಿಲೆಗೆ ದಾಟಿಸಿ ಕಡಿಯುವವರು ಕೂಲಿಯ ಕುಶಲಕರ್ಮಿಗಳು. ಫ್ರಾನ್ಸಿನ ರೋದಾನನ ಅಮೃತಶಿಲೆಯ ಮೂರ್ತಿಗಳು ಆದದ್ದೂ ಹೀಗೆಯೇ. 1907ರಲ್ಲಿ ಅವನ ಕಾರ್ಯಾಗಾರಕ್ಕೆ ಸೇರಿದ ರುಮೇನಿಯಾದ ಬ್ರಾಂಕೂಸಿ ಸ್ವಲ್ಪ ದಿನಗಳಲ್ಲೇ ಅದನ್ನು ಬಿಟ್ಟು ಬಂದು, ಮಾದರಿಯ ಹಂಗಿಲ್ಲದೆ ನೇರ ಕಲ್ಲಿಗೇ ಕೈ ಹಚ್ಚಿದ. ‘ಚುಂಬನ’ ಎಂಬ ಅವನ ಮೂರ್ತಿಯಲ್ಲಿ ಕಲ್ಲಿನ ಚೌಕ ಚೌಕವಾಗಿಯೇ ಉಳಿದಿದೆ, ಬೇಕೆಂದೇ ಉಳಿಸಿದ್ದು. ಅವನು ಗೆದ್ದ, ರೋದಾನ್ ಸೋತ ಎಂದು ಯಾರೂ ಹೇಳಲಾರರು. ಆದರೆ ನೇರ ಕೆತ್ತುವುದನ್ನು ಕಲಿಕೆಯ ಭಾಗವಾಗಿ ಉಳಿಸಿಕೊಳ್ಳಬೇಕೆಂಬ ಮಾತು ಅಲ್ಲಿ ಬಲವಾದದ್ದು ಆ ಜಗಳದಿಂದ.

ನಡುವಿನ ಹಂತದ ಇನ್ನೊಂದು ಅಗತ್ಯ, ಮರ ಮತ್ತು ಕಲ್ಲು ಎರಡನ್ನೂ ಮುಟ್ಟುವುದು. ನಮ್ಮಲ್ಲಿ ಇವೆರಡೂ ಬೇರೆ ಬೇರೆ ಬೀದಿಯ ಕಸುಬುಗಳಾಗಿವೆ. ಸಾಗರ, ಸೊರಬ, ಕುಮಟಾ ಕಡೆಯ ಗುಡಿಗಾರರು ಮರದವರು. ಶಿವಾರಪಟ್ಟಣ, ಕಾರ್ಕಳದವರು ಕಲ್ಲಿನವರು. ಪಳಗಿದ ಮೇಲೆ ಹೀಗೆ ಹಂಚಿಕೊಳ್ಳುವುದು ಸಹಜ, ಕಲಿಯುವಾಗ ನಷ್ಟ. ಮರಕ್ಕೆ ಎಳೆಯಿದೆ. ಎಳೆಯ ಜೊತೆ ಹೋದರೆ ಉಳಿ ಹಾಡುತ್ತಾ ಹೋಗುತ್ತದೆ, ಎದುರು ಹೋದರೆ ಸಿಬಿರು ಎಬ್ಬಿಸಿ ಕೀಳುತ್ತದೆ. ಭುಜದ ಉಬ್ಬನ್ನು ಒಂದೇ ದಿಕ್ಕಿನಿಂದ ಕೆತ್ತಲಾಗದು. ನೆತ್ತಿಯಿಂದ ಎರಡೂ ಕಡೆಗೆ ಇಳಿಯಬೇಕು. ಅಂದರೆ ಉಬ್ಬಿನ ನೆತ್ತಿ ಎಲ್ಲಿದೆಯೆಂದು ಮರ ನಿಮ್ಮಿಂದ ಬಾಯಿಬಿಡಿಸಿಯೇ ತೀರುತ್ತದೆ. ಕಲ್ಲಿನಲ್ಲಿ ವರ್ಷಗಟ್ಟಲೆ ತಪ್ಪಿಸಿಕೊಂಡು ಓಡಾಡಬಹುದಾದ ಪ್ರಶ್ನೆ ಇದು, ಮರದಲ್ಲಿ ಮೊದಲ ವಾರಕ್ಕೇ ಎದುರಾಗುತ್ತದೆ. ಅಭಯಹಸ್ತದ ಬೆರಳುಗಳನ್ನು ಎಳೆಗೆ ಅಡ್ಡವಾಗಿ ಕೆತ್ತಿದರೆ ಬೆರಳು ಮುರಿಯುವುದು ಖಂಡಿತ. ಹಾಗಾಗಿ ಮೂರ್ತಿಯ ಭಂಗಿಯನ್ನು ಮರದ ಓಟದ ಜೊತೆ ಕೂರಿಸಿ ಮೊದಲೇ ಯೋಚಿಸಬೇಕಾಗುತ್ತದೆ. ಹಸಿ ಮರ ಒಣಗುವಾಗ ಬಳೆಗಳ ಗುಂಟ ಕುಗ್ಗುವುದು ತಿರುಳಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು ಎರಡರಷ್ಟು. ಆದ್ದರಿಂದಲೇ ತಿರುಳಿರುವ ಇಡೀ ದಿಮ್ಮಿಯಲ್ಲಿ ಕೆತ್ತಿದ ಮೂರ್ತಿ ಬಿರುಕು ಬಿಡುತ್ತದೆ. ಇದಕ್ಕೆಲ್ಲ ಶ್ರೀಗಂಧ ಬೇಕಿಲ್ಲ. ಶಿವನೆ, ಹಲಸು ಸಾಕು. ಗಂಧದ ಬೆಲೆಯಲ್ಲಿ ಕಲಿಯಲು ಕೂತವರ ಕೈ ಧೈರ್ಯ ಮಾಡುವುದೇ ಇಲ್ಲ.

ಕಲ್ಲು ಕಲಿಸುವುದು ಇನ್ನೊಂದನ್ನು. ಅದರ ಒಳಗು ಕಣ್ಣಿಗೆ ಕಾಣದು, ಕಿವಿಯಲ್ಲಿ ಕೇಳಬೇಕು. ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ನಾದ ಬರುವ ಕಲ್ಲು ಒಳ್ಳೆಯದು, ಮೊದ್ದಾಗಿ ಸದ್ದು ಮಾಡಿದರೆ ಒಳಗೆಲ್ಲೋ ಬಿರುಕಿದೆ. ಶಿಲ್ಪಶಾಸ್ತ್ರಗಳು ಗಂಡುಶಿಲೆ, ಹೆಣ್ಣುಶಿಲೆ, ನಪುಂಸಕಶಿಲೆ ಎಂದು ವಿಂಗಡಿಸಿದ್ದರ ಹಿಂದೆ ಈ ಕಿವಿಯೂ ಇದೆ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ಎಲ್ಲರಿಗೂ ಗೊತ್ತು. ಜಕಣಾಚಾರಿ ಎಂಬ ಶಿಲ್ಪಿ ನಿಜಕ್ಕೂ ಇದ್ದನೇ ಎಂಬ ಬಗ್ಗೆ ಇತಿಹಾಸಕಾರರಿಗೆ ಅನುಮಾನವಿದೆ, ಇರಲಿ. ಆ ಕಥೆಯಲ್ಲಿ, ಜಕಣಾಚಾರಿ ಕೆತ್ತಿದ ಮೂರ್ತಿಯ ಕಲ್ಲಿನಲ್ಲಿ ದೋಷವಿದೆ ಎಂದ ಅವನ ಮಗ ಡಂಕಣ ಗೆದ್ದದ್ದು ಕೆತ್ತಿ ತೋರಿಸಿಯಲ್ಲ. ಗಂಧ ಹಚ್ಚಿದ ಮೈಯೆಲ್ಲ ಒಣಗಿ ಹೊಕ್ಕುಳ ಮಾತ್ರ ಒದ್ದೆಯಾಗಿ ಉಳಿದದ್ದನ್ನು ಕಾದು ನೋಡಿ ಅವನು ಗೆದ್ದ.

ಹಾಗಾದರೆ ಹೊಯ್ಸಳರ ಕಾಲದ ನಡುವಿನವರು ಎಲ್ಲಿ ಕಲಿತರು? ಒಬ್ಬನ ಜಾಡು ಸ್ವಲ್ಪ ಸಿಗುತ್ತದೆ. ಮಲ್ಲಿತಮ್ಮ ಎಂಬ ಹೆಸರು 1196ರ ಅಮೃತಾಪುರದಲ್ಲಿದೆ, 1246ರ ನುಗ್ಗೇಹಳ್ಳಿಯಲ್ಲಿದೆ, 13ನೇ ಶತಮಾನದ ಉತ್ತರಾರ್ಧದ ಸೋಮನಾಥಪುರದಲ್ಲೂ ಇದೆ. ಅಮೃತಾಪುರದಲ್ಲಿ ಅವನ ಕೈ ಕಾಣುವುದು ಮಂಟಪದ ಒಳಚಾವಣಿಗಳಲ್ಲಿ ಎಂದು ವಿದ್ವಾಂಸರು ಹೇಳುತ್ತಾರೆ. ನುಗ್ಗೇಹಳ್ಳಿಯಲ್ಲಿ ಗುಡಿಯ ಒಂದು ಮಗ್ಗುಲು ನಂದಿಯ ಬೈಚೋಜನದ್ದು, ಇನ್ನೊಂದು ಮಗ್ಗುಲು ಇವನದ್ದು. ಸೋಮನಾಥಪುರಕ್ಕೆ ಬರುವ ಹೊತ್ತಿಗೆ ಗೋಡೆಯ ಮೂರ್ತಿಗಳ ಕೆಳಗೆ ಅವನ ರುಜು ಮತ್ತೆ ಮತ್ತೆ ಸಿಗುತ್ತದೆ. ಒಂದೇ ಹೆಸರಿನ ಒಬ್ಬನೇ ಎಂದು ಒಪ್ಪಿದರೆ, ಅರವತ್ತಕ್ಕೂ ಹೆಚ್ಚು ವರ್ಷಗಳ ಏರಿಕೆ ಇದು. ನನಗೆ ಕಾಣುವುದು ಇಷ್ಟು: ಆ ಗುಡಿಗಳಲ್ಲಿ ಎಲ್ಲ ಮಟ್ಟದವರಿಗೂ ಕೆಲಸವಿತ್ತು. ತಳದ ಆನೆಯ ಸಾಲು, ಅದರ ಮೇಲೆ ಕುದುರೆ, ಬಳ್ಳಿ, ಪುರಾಣದ ಪಟ್ಟಿಕೆ, ಮೇಲೆ ದೊಡ್ಡ ಮೂರ್ತಿ. ಒಂದೇ ಆನೆಯನ್ನು ನೂರಾರು ಸಲ, ಒಂದೊಂದನ್ನು ಒಂದಿಷ್ಟು ಬೇರೆಯಾಗಿ ಮಾಡುವ ಕೆಲಸಕ್ಕೆ ಸಂಬಳ ಕೊಟ್ಟ ಊರುಗಳಿದ್ದವು. ಗುಡಿಯ ಕೆಲಸದ ಜಾಗವೇ ಶಾಲೆಯಾಗಿತ್ತು, ಅರೆಬೆಂದ ಕೆಲಸಕ್ಕೂ ಗೋಡೆಯಲ್ಲಿ ಜಾಗವಿತ್ತು.

ಗುರುಕುಲವೇ ಸರಿ ಎಂದು ಇದನ್ನು ಓದಿಕೊಳ್ಳಬಾರದು. ಆ ಪದ್ಧತಿಯಲ್ಲಿ ವರ್ಷಗಟ್ಟಲೆ ಬಿಟ್ಟಿ ದುಡಿದವರಿದ್ದಾರೆ, ಬೇರೆ ಜಾತಿಯ ಹುಡುಗರಿಗೆ ಬಾಗಿಲು ತೆರೆಯದ ಮನೆಗಳಿದ್ದವು, ಹೆಣ್ಣುಮಕ್ಕಳ ಕೈಗಂತೂ ಉಳಿ ಸಿಗುತ್ತಲೇ ಇರಲಿಲ್ಲ. ದೂಳಿನ ಮಾತೂ ಇದೆ. ಗ್ರಾನೈಟಿನಲ್ಲಿ ಬೆಣಚು ಹೇರಳ. ಅದರ ನುಣ್ಣನೆಯ ದೂಳು ಶ್ವಾಸಕೋಶಕ್ಕೆ ಇಳಿದರೆ ಬರುವ ಸಿಲಿಕೋಸಿಸ್ ವಾಸಿಯಾಗದ ರೋಗ. ಒಣಗಲ್ಲಿಗೆ ಗ್ರೈಂಡರ್ ಹಿಡಿದಾಗ ಏಳುವ ದೂಳು ಉಳಿಯದ್ದಕ್ಕಿಂತ ಎಷ್ಟೋ ನುಣುಪು, ಆದ್ದರಿಂದ ಹೆಚ್ಚು ಅಪಾಯದ್ದು. ನೀರು ಬಿಟ್ಟುಕೊಂಡು ಕೊರೆಯುವುದನ್ನು, ಸರಿಯಾದ ಮಾಸ್ಕ್ ಕಟ್ಟುವುದನ್ನು ಮೊದಲ ದಿನ ಕಲಿಸದ ಶಾಲೆ ತಾಳಮಾನವನ್ನು ಎಷ್ಟು ಚೆನ್ನಾಗಿ ಕಲಿಸಿದರೇನು?

2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರತಿಷ್ಠೆಯಾದ 51 ಇಂಚಿನ ಬಾಲರಾಮನನ್ನು ಕೆತ್ತಿದ ಮೈಸೂರಿನ ಅರುಣ್ ಯೋಗಿರಾಜ್ ಎಂಬಿಎ ಓದಿದವರು, ನೌಕರಿ ಬಿಟ್ಟು ಉಳಿಗೆ ಮರಳಿದವರು. ಆ ಕಥೆ ಕೇಳಿ ಹುಮ್ಮಸ್ಸಿನಿಂದ ಉಳಿ ಕೊಳ್ಳುವ ಯುವಕರು ಒಂದನ್ನು ಮರೆಯುತ್ತಾರೆ. ಅಜ್ಜ ಬಸವಣ್ಣ, ಅಪ್ಪ ಯೋಗಿರಾಜ್ ಇಬ್ಬರೂ ಶಿಲ್ಪಿಗಳು. ಅರುಣ್ ಬಾಲ್ಯದಲ್ಲೇ ಅಪ್ಪನ ಬಳಿ ಉಳಿ ಹಿಡಿದವರು. ಅವರ ನಡುವಿನ ವರ್ಷಗಳು ಮನೆಯ ಅನ್ನ ಉಂಡು ಮನೆಯಲ್ಲೇ ಕಳೆದವು. ಆ ವರ್ಷಗಳ ಖರ್ಚನ್ನು ಕುಟುಂಬ ಹೊರುವುದರಿಂದ ಅದು ಯಾವ ಲೆಕ್ಕಪುಸ್ತಕದಲ್ಲೂ ಕಾಣುವುದಿಲ್ಲ. ರೈತರ ಮಗಳೊಬ್ಬಳು, ಆಟೊ ಓಡಿಸುವವರ ಮಗನೊಬ್ಬ ಶಿಲ್ಪಿಯಾಗಬೇಕೆಂದರೆ ಆ ಖರ್ಚು ಒಮ್ಮೆಲೇ ಎದುರು ಬಂದು ನಿಲ್ಲುತ್ತದೆ. ಶಿಲ್ಪಕಲೆ ಎಲ್ಲರದ್ದಾಗಲಿ ಎಂದು ವೇದಿಕೆಯಲ್ಲಿ ಹೇಳುವವರು ಈ ಖರ್ಚನ್ನು ಯಾರು ಕೊಡಬೇಕೆಂದೂ ಹೇಳಬೇಕು.

ಸಾರ್ವಜನಿಕ ಹಣವೇ ಕೊಡಬೇಕೆಂಬುದು ನನ್ನ ಮಾತು, ಅದಕ್ಕೆ ಹೊಸ ಅಕಾಡೆಮಿಯೇನೂ ಬೇಡ. ಮುಜರಾಯಿ ಗುಡಿಗಳ ಜೀರ್ಣೋದ್ಧಾರ, ಊರೂರಿನ ಹೊಸ ದೇವಸ್ಥಾನ, ಸರಕಾರಿ ಉದ್ಯಾನ, ವೃತ್ತದ ಮೂರ್ತಿ, ಇವುಗಳ ಟೆಂಡರಿನಲ್ಲೇ ಒಂದು ಷರತ್ತು ಇರಲಿ: ಕಲ್ಲಿನ ಕೆಲಸದ ಒಂದು ಪಾಲು, ಅಧಿಷ್ಠಾನದ ಪಟ್ಟಿಕೆಯೋ ಕಂಬದ ಬುಡವೋ, ಸಂಬಳ ಪಡೆಯುವ ಕಲಿಕೆಯವರ ಕೈಯಿಂದ, ಯಂತ್ರವಿಲ್ಲದೆ ಆಗಬೇಕು. ಜಿಗಣಿಯ, ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗಳು ಕತ್ತರಿಸಿ ಎಸೆಯುವ ತುಂಡುಗಳು ಶಾಲೆಗಳಿಗೆ ಬರಲಿ. ಎಸೆದ ಕಲ್ಲಾದರೆ ಹೆದರದೆ ಮೂಲೆ ಹೊಡೆಯಬಹುದು.

ಪರೀಕ್ಷೆಯನ್ನೂ ಬದಲಿಸಬೇಕು. ಈಗ ಕೋರ್ಸಿನ ಕೊನೆಗೆ ಹೊಳಪು ಕೊಟ್ಟ ಮೂರ್ತಿಗಳ ಪ್ರದರ್ಶನವಿರುತ್ತದೆ. ಮಂತ್ರಿಗಳು ದೀಪ ಹಚ್ಚುತ್ತಾರೆ, ಫೋಟೊ ಚೆನ್ನಾಗಿ ಬರುತ್ತದೆ. ನಡುವಿನ ಹಂತದ ಪರೀಕ್ಷೆಗೆ ಅರ್ಧ ಆದ ಕಲ್ಲನ್ನು ಕೇಳಬೇಕು. ಮೂತಿಯಿಲ್ಲದ, ಬೆರಳಿಲ್ಲದ, ಹಲ್ಲಿನ ಉಳಿಯ ಗೀರುಗಳು ಹಾಗೇ ಇರುವ ಕಲ್ಲು. ಪರೀಕ್ಷಕರು ಅದರ ಸುತ್ತ ನಡೆದು, ಓರೆಯಿಂದ ನೋಡಿ, ಮೂಲೆಗಳು ಹೋಗಿವೆಯೇ, ಮೂಗಿನ ಜಾಗದಲ್ಲಿ ಸಾಕಷ್ಟು ಕಲ್ಲು ಉಳಿದಿದೆಯೇ, ಗೀರುಗಳು ಮೈಯ ಹೊರಳಿನ ಜೊತೆ ತಿರುಗಿವೆಯೇ ಅಥವಾ ಎಲ್ಲ ಕಡೆ ನೆಟ್ಟಗೆ ಇಳಿದಿವೆಯೇ ಎಂದು ನೋಡಿ ಅಂಕ ಹಾಕಲಿ. ಸಿಎನ್‌ಸಿಯಿಂದ ಇಳಿದ ಕಲ್ಲನ್ನು ಈ ಪರೀಕ್ಷೆಗೆ ತಂದವರು ಆ ಗೀರುಗಳ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಇಂಥ ಪ್ರದರ್ಶನವನ್ನು ಉದ್ಘಾಟಿಸಲು ಮಂತ್ರಿಗಳು ಒಪ್ಪುವುದು ಕಷ್ಟ. ಆದರೆ ಯಾರನ್ನು ಮುಂದಿನ ಗುಡಿಯ ಕೆಲಸಕ್ಕೆ ಕರೆಯಬಹುದೆಂದು ಹಿರಿಯ ಶಿಲ್ಪಿಗಳಿಗೆ ಆ ಒಂದು ಮಧ್ಯಾಹ್ನದಲ್ಲೇ ತಿಳಿದುಹೋಗುತ್ತದೆ.